ಮಿಡತೆಯ ಜೀನಿಗೆ ಬೆಲೆ ಎಷ್ಟು?

"ಅಪ್ಪಾ, ಅವರು ಮೂಸಿ ನೋಡ್ತಿದ್ದಾರೆ!" ಮಿಡತೆ ಅಪ್ಪನ ತೋಳು ಜಗ್ಗಿ ಪಿಸುಗುಟ್ಟಿದಳು.

ಕುದುರೆ ಜೀನಿನ ಅಂಗಡಿಯ ಅಜ್ಜನ ಕಿವಿ ಚುರುಕಾಗಿತ್ತು. "ಮೂಸದೆ ಮತ್ತೇನಮ್ಮ? ಚರ್ಮಕ್ಕೆ ಬೂಷ್ಟು ಹಿಡಿದಿದ್ರೆ ಮೊದಲು ಗೊತ್ತಾಗೋದು ಮೂಗಿಗೇ" ಎಂದು ಅವರು ಜೀನನ್ನು ಮೇಜಿನ ಮೇಲಿಟ್ಟರು.

"ಇಂಗ್ಲಿಷ್ ಜೀನು. ಒಳ್ಳೇ ಕಂಪನೀದು" ಎಂದ ಅಪ್ಪ.

"ಅದು ಕಾಣ್ತಾನೇ ಇದೆಯಲ್ಲ. ಹಿಡ್ಕೊಳ್ಳೋಕೆ ಮುಂದೆ ಕೊಂಬಿಲ್ಲ. ಬೀಳೋರು ಮರ್ಯಾದೆಯಾಗಿ ಕೈ ಬೀಸ್ಕೊಂಡು ಬೀಳಬೇಕು!"

ಮಿಡತೆ ಕಿಸಕ್ಕನೆ ನಕ್ಕಳು.

ಮಿಡತೆ ಅವಳ ನಿಜವಾದ ಹೆಸರಲ್ಲ. ಕುದುರೆ ಸವಾರಿ ಶಾಲೆಗೆ ಸೇರಿದ ಮೊದಲ ದಿನ ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಿದ್ದವಳಿಗೆ ಅಲ್ಲಿನ ಮೇಡಂ ಇಟ್ಟ ಹೆಸರು. ಮೇಡಂ ಇಟ್ಟದ್ದೆಂದೇ ಅವಳಿಗೆ ಅದು ಇಷ್ಟ. ಅವಳು ಮೇಡಂ ಹಾಗೇ ಜಡೆ ಕಟ್ಟುತ್ತಿದ್ದಳು. ಮೇಡಂ ಹಾಗೇ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

ನಲ್ಲಿ, ಪೈಪು ರಿಪೇರಿ ಅಪ್ಪನ ಕೆಲಸ. ಸವಾರಿ ಶಾಲೆಯ ನೀರಿನ ಕೆಲಸವೆಲ್ಲ ಅವನದೇ. ಅದಕ್ಕೇ ಮಿಡತೆಗೆ ಅರ್ಧ ಫೀಸು.

ಈ ವರ್ಷ ಮಿಡತೆ ಸರ್ರನೆ ಬೆಳೆದುಬಿಟ್ಟಿದ್ದಳು. ಮೊಣಕಾಲು ಜೀನಿನ ಅಂಚು ದಾಟಿ ಮುಂದೆ ಬರುತ್ತಿತ್ತು. ಮುಂದಿನ ತಿಂಗಳು ಅವಳ ಮೊದಲ ಸ್ಪರ್ಧೆ ಬೇರೆ. ಇದನ್ನು ಮಾರಿ, ಒಂದಿಷ್ಟು ಸೇರಿಸಿ, ಸೆಕೆಂಡ್ ಹ್ಯಾಂಡಲ್ಲಿ ದೊಡ್ಡದೊಂದನ್ನು ಕೊಳ್ಳೋಣ ಎಂದಿದ್ದ ಅಪ್ಪ. ಮಾರುವ ಮೊದಲು ಬೆಲೆ ತಿಳಿಯಲು ಇಲ್ಲಿಗೆ ಬಂದಿದ್ದರು.

ಅಜ್ಜ ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ನೂರು ಎಂದು ಬರೆದರು. "ಹೊಸದರ ಬೆಲೆ ನೂರು ಅಂತಿಟ್ಕೋ. ಅಂಗಡಿಯಿಂದ ಆಚೆ ಹೋಯ್ತು ಅಂದ್ರೆ ಅದು ಹಳೇದೇ. ಹೆಂಗೆ ನೋಡ್ಕೊಂಡಿದ್ರೂ ಅರವತ್ತೈದು." ನೂರನ್ನು ಒರೆಸಿ ಅರವತ್ತೈದು ಬರೆದರು.

"ಅಯ್ಯೋ, ಇಷ್ಟು ಬೇಗನಾ?" ಎಂದಳು ಮಿಡತೆ.

"ತಾಳು, ಇನ್ನೂ ಇದೆ." ಅಜ್ಜ ಬದಿಯ ಚರ್ಮವನ್ನು ಎತ್ತಿ ಪಟ್ಟಿಗಳ ತೂತುಗಳಲ್ಲಿ ಕಿರುಬೆರಳು ಆಡಿಸಿದರು. "ತೂತು ಜಗ್ಗಿವೆ. ಅರವತ್ತು. ಇಲ್ಲೊಂದು ಗೀರು."

"ಅದು ಬೇಲಿ ತಂತಿ ತಾಗಿದ್ದು. ನಂದೇ ತಪ್ಪು."

"ತಪ್ಪು ಒಪ್ಕೊಂಡಿದ್ದಕ್ಕೆ ಎರಡೇ ಕಡಿತ. ಐವತ್ತೆಂಟು. ದಿನಾ ಎಣ್ಣೆ ಹಚ್ಚಿದ್ದು ಯಾರು?"

"ನಾನೇ!"

"ಹಂಗಾದ್ರೆ ಅರವತ್ತೆರಡು."

ಮಿಡತೆ ಹಿಗ್ಗಿ ಅಪ್ಪನ ಮುಖ ನೋಡಿದಳು. ಅಪ್ಪನೂ ತುಟಿಯಂಚಿನಲ್ಲೇ ನಕ್ಕ.

"ಈಗ ಕೊನೇ ಪರೀಕ್ಷೆ. ಚರ್ಮದ ಒಳಗೊಂದು ಚೌಕಟ್ಟಿರುತ್ತೆ, ನಮ್ಮ ಎಲುಬಿನ ಹಾಗೆ. ನಾವದನ್ನ ಟ್ರೀ ಅಂತೀವಿ."

"ಟ್ರೀ ಅಂದ್ರೆ ಮರ ಅಲ್ವಾ?"

"ಮರದ್ದೇ. ಅದು ಗಟ್ಟಿ ಇದ್ರೆ ಜೀನು ಗಟ್ಟಿ." ಅಜ್ಜ ಜೀನಿನ ಹಿಂಬದಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮುಂಬದಿಯನ್ನು ಎರಡೂ ಕೈಯಿಂದ ತಮ್ಮ ಕಡೆಗೆ ಎಳೆದರು.

ಕಿರ್ರ್ ಎಂದಿತು. ನಡುವೆ ಚರ್ಮ ಮಡಚಿಕೊಂಡಿತು.

ಅಜ್ಜನ ಮುಖದ ನಗು ಆರಿಹೋಯಿತು. ಅವರು ಜೀನನ್ನು ಬೋರಲು ಹಾಕಿ, ಕನ್ನಡಕ ಏರಿಸಿ, ಅದರ ಹೊಟ್ಟೆಯ ಹೊಲಿಗೆಯನ್ನು ಬೆರಳಿಂದ ಸವರುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಬೇರೆಲ್ಲ ಕಂದು ದಾರ. ಅಲ್ಲಿ ಮಾತ್ರ ನೀಲಿ.

"ಇದು ನನ್ನ ಹೊಲಿಗೆ" ಎಂದರು ಮೆಲ್ಲಗೆ. "ಇದನ್ನ ಎಲ್ಲಿ ಕೊಂಡ್ರಿ?"

"ಸವಾರಿ ಶಾಲೆ ಮೇಡಂ ಹತ್ರ. ಎರಡು ವರ್ಷ ಆಯ್ತು" ಎಂದ ಅಪ್ಪ.

"ಕುದುರೆ ಇದರ ಮೇಲೆ ಹೊರಳಾಡಿ ಟ್ರೀ ಮುರೀತು ಅಂತ ಅವರೇ ತಂದಿದ್ರು. ಮೂರು ವರ್ಷದ ಹಿಂದೆ. ಇದು ರಿಪೇರಿ ಆಗಲ್ಲ ಅಂದೆ. ಗೋಡೆ ಮೇಲೆ ಚಂದಕ್ಕೆ ಇಡ್ತೀನಿ, ಬರೀ ಚರ್ಮ ಹೊಲಿದು ಕೊಡಿ ಅಂದ್ರು. ಹೊಲಿದುಕೊಟ್ಟೆ." ಅಜ್ಜ ಕನ್ನಡಕ ತೆಗೆದರು. "ಅವತ್ತೇ ಎರಡು ತುಂಡು ಮಾಡಿ ಬಿಸಾಕಬೇಕಿತ್ತು ನಾನು."

ಮಿಡತೆ ಜೀನನ್ನು ತನ್ನ ಕಡೆ ಎಳೆದುಕೊಂಡಳು. "ಅದು ಬೇರೆ ಜೀನಿರಬೇಕು. ಮೇಡಂ ಹಾಗೆಲ್ಲ ಮಾಡಲ್ಲ."

ಅಜ್ಜ ವಾದಿಸಲಿಲ್ಲ. "ನೀನು ಹತ್ತೋ ಕುದುರೆ ಯಾವ ಬಣ್ಣ?"

"ಕಪ್ಪು. ಮಸಿ ಅಂತ ಹೆಸರು."

"ಬೆನ್ನ ಮೇಲೆ ಎಲ್ಲಾದ್ರೂ ಬಿಳಿ ಕೂದಲು ಬಂದಿದೆಯಾ?"

"ಎಡಗಡೆ ಬಂದಿದೆ. ಮೊದಲು ಹುಣ್ಣಾಗಿತ್ತು. ನಾನು ಸೊಟ್ಟ ಕೂರ್ತೀನಂತೆ, ಅದಕ್ಕೇ..."

ಎರಡು ವರ್ಷದಿಂದ ಮೇಡಂ ಅದನ್ನೇ ಹೇಳುತ್ತಿದ್ದರು. 'ಮಿಡತೆ, ನೀನು ಸೊಟ್ಟ ಕೂರೋದ್ರಿಂದ ಪಾಪ, ಅದಕ್ಕೆ ಗಾಯ ಆಗಿದೆ ನೋಡು.' ಮಿಡತೆ ಮನೆಯ ಬೆಂಚಿನ ಮೇಲೆ ತಲೆಗೊಂದು ಪುಸ್ತಕ ಇಟ್ಟುಕೊಂಡು ಕೂತು ನೆಟ್ಟಗಾಗಲು ನೋಡಿದ್ದಳು. ಎಷ್ಟೋ ಸಲ ಲಾಯದಲ್ಲಿ ಮಸಿಯ ಕುತ್ತಿಗೆ ತಬ್ಬಿ 'ಸಾರಿ' ಎಂದಿದ್ದಳು.

ಅಜ್ಜ ಜೀನನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಎಡಬದಿ ಬೆರಳಷ್ಟು ಕುಸಿದಿತ್ತು. "ಇದು ಒತ್ತಿ ಹುಣ್ಣಾದ ಕಡೆ ಕೂದಲು ಬೆಳ್ಳಗೆ ಬರುತ್ತೆ. ಇದರ ಮೇಲೆ ಯಾರು ಕೂತ್ರೂ ಸೊಟ್ಟಾನೇ ಕಣಮ್ಮ. ನಾನು ಕೂತ್ರೂ."

ಆಮೇಲೆ ಹಲಗೆಯ ಮೇಲಿದ್ದ ಅರವತ್ತೆರಡನ್ನು ಅಂಗೈಯಲ್ಲೇ ಒರೆಸಿ, ಒಂದು ಸೊನ್ನೆ ಬರೆದರು.

ಅಲ್ಲಿಂದ ಅಪ್ಪ ಮಗಳು ಸೀದಾ ಸವಾರಿ ಶಾಲೆಗೆ ಹೋದರು. ದಾರಿಯುದ್ದಕ್ಕೂ ಮಿಡತೆ ಮನಸ್ಸಿನಲ್ಲೇ ಅಂದುಕೊಂಡಳು: ಅಜ್ಜನಿಗೆ ವಯಸ್ಸಾಗಿದೆ, ಮರೆವು. ಮೇಡಂ 'ಅಯ್ಯೋ, ನಂಗೆ ಗೊತ್ತೇ ಇರಲಿಲ್ಲ' ಅಂತಾರೆ. ಅಂದೇ ಅಂತಾರೆ.

ಮೇಡಂ ಜೀನುಗಳ ಕೋಣೆಯಲ್ಲಿ ಹುರುಳಿಯ ಬಕೆಟ್‌ಗಳ ಮೇಲೆ ಮಾರ್ಕರ್‌ನಿಂದ ಕುದುರೆಗಳ ಹೆಸರು ಬರೆಯುತ್ತಿದ್ದರು. ಅಪ್ಪ ಬಾಗಿಲಲ್ಲೇ ಚಪ್ಪಲಿ ಒರೆಸಿಕೊಂಡು, ಜೀನನ್ನು ಸ್ಟ್ಯಾಂಡಿನ ಮೇಲಿಟ್ಟು, ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ತಾನೇ ಏನೋ ತಪ್ಪು ಮಾಡಿದವನ ಹಾಗೆ.

"ಓ, ಆ ಅಜ್ಜನಾ? ಅವರಿಗೆ ಎಲ್ಲದರಲ್ಲೂ ಹುಳುಕೇ ಕಾಣೋದು" ಎಂದು ಮೇಡಂ ನಕ್ಕರು.

"ಮೇಡಂ, ನಿಮಗೆ ಗೊತ್ತಿತ್ತಾ?" ಮಿಡತೆ ಕೇಳಿದಳು.

ಮೇಡಂ ಮಾರ್ಕರಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ನೋಡು ಪುಟ್ಟ, ನೀನು ಆಗ ಹತ್ತಿಯಷ್ಟು ಹಗುರ ಇದ್ದೆ. ಒಂದೆರಡು ವರ್ಷಕ್ಕೆ ಏನೂ ಆಗಲ್ಲ ಅಂದ್ಕೊಂಡೆ. ನಿಮ್ಮಪ್ಪನ ಕೈಗೆಟುಕೋ ಬೆಲೇಲಿ ಬೇರೆ ಯಾವುದು ಸಿಗ್ತಿತ್ತು ಹೇಳು?"

ಮೇಡಂ ಅಪ್ಪನ ಕಡೆ ತಿರುಗಿದರು.

"ನೀವು ತಲೆ ಕೆಡಿಸ್ಕೋಬೇಡಿ. ಸೋಮವಾರ ಒಂದು ಹೊಸ ಹುಡುಗಿ ಸೇರ್ತಾಳೆ, ಏಳು ವರ್ಷ. ಅವರ ಮನೆಯವರಿಗೆ ಜೀನಿನ ಗಂಧಗಾಳಿ ಇಲ್ಲ. ಇದನ್ನ ನಾನೇ ದಾಟಿಸಿಕೊಡ್ತೀನಿ. ಆ ದುಡ್ಡಲ್ಲಿ ಮಿಡತೆಗೆ ದೊಡ್ಡದು ಬರುತ್ತೆ. ಸ್ಪರ್ಧೆ ಬೇರೆ ಇದೆಯಲ್ಲ."

ಅಪ್ಪ ಬೇಡ ಅನ್ನುತ್ತಾನೆ ಎಂದು ಮಿಡತೆ ಕಾದಳು.

ಅಪ್ಪ ಕತ್ತಿನ ಹಿಂದೆ ಕೈಯಾಡಿಸಿದ. ಜೀನನ್ನು ನೋಡಿದ. ನೆಲ ನೋಡಿದ. ಮಗಳ ಕಡೆ ಮಾತ್ರ ನೋಡಲಿಲ್ಲ.

"ಅದು... ಎಷ್ಟಕ್ಕೆ ಹೋಗಬಹುದು ಮೇಡಂ?"

ಮಿಡತೆ ಮೇಡಂ ಕೈಯಿಂದ ಮಾರ್ಕರ್ ಕಿತ್ತುಕೊಂಡಳು. ಜೀನನ್ನು ಬೋರಲು ಹಾಕಿ, ಅದರ ಹೊಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಒಳಗೆ ಮುರಿದಿದೆ. ಕುದುರೆಗೆ ನೋವಾಗುತ್ತೆ.

'ನೋವಾಗುತ್ತೆ' ಬರೆಯುವಾಗ ಜಾಗ ಸಾಲದೆ ಅಕ್ಷರಗಳು ಒತ್ತೊತ್ತಾಗಿ ಅಂಚಿನ ಕೆಳಗಿಳಿದವು.

"ಏಯ್! ಹಾಳು ಮಾಡಿಬಿಟ್ಟೆಯಲ್ಲೇ!" ಮೇಡಂ ಕೂಗಿದರು. ಇಷ್ಟು ದಿನದಲ್ಲಿ ಆ ದನಿಯನ್ನು ಮಿಡತೆ ಕೇಳಿಯೇ ಇರಲಿಲ್ಲ. "ಇಂಥ ಮಕ್ಕಳಿಗೆ ಇಲ್ಲಿ ಜಾಗ ಇಲ್ಲ. ಕರ್ಕೊಂಡು ಹೋಗಿ ಇವಳನ್ನ!"

ಅಪ್ಪ ಜೀನನ್ನು ಎತ್ತಿಕೊಂಡ.

ಹೊರಗೆ ಮಸಿ ಲಾಯದ ಅಡ್ಡಪಟ್ಟಿಯ ಮೇಲೆ ಗದ್ದ ಇಟ್ಟು ನಿಂತಿತ್ತು. ಮಿಡತೆ ಅದರ ಬೆನ್ನಿನ ಬಿಳಿ ಕೂದಲಿನ ಮೇಲೆ ಕೈಯಿಟ್ಟಳು. ಇವತ್ತೂ ಅದರ ಚರ್ಮ ಅಲ್ಲಿ ಸಣ್ಣಗೆ ಅದುರಿತು. ಇವತ್ತು ಅವಳು ಸಾರಿ ಎನ್ನಲಿಲ್ಲ. ಅದರ ಹಣೆ ಒಮ್ಮೆ ಸವರಿ ಅಪ್ಪನ ಹಿಂದೆ ನಡೆದಳು.

ಬಸ್ಸಿನಲ್ಲಿ ಅಪ್ಪ ಜೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬರೆದ ಬದಿ ಯಾರಿಗೂ ಕಾಣದ ಹಾಗೆ ತನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದ. ಎರಡು ಸ್ಟಾಪು ಕಳೆಯಿತು.

"ಮೇಡಂಗೆ ನಾನು ಹೂಂ ಅಂತಿದ್ದೆ ಅಂದ್ಕೊಂಡ್ಯಾ?" ಅಪ್ಪ ಕೇಳಿದ. ಕೇಳುವಾಗಲೂ ಎದುರಿನ ಸೀಟನ್ನೇ ನೋಡುತ್ತಿದ್ದ.

ಮಿಡತೆ ಅವನ ಕೈ ನೋಡಿದಳು. ಪೈಪು ತಿರುಗಿಸಿ ತಿರುಗಿಸಿ ದಡ್ಡುಗಟ್ಟಿದ ಬೆರಳುಗಳು ಜೀನಿನ ಅಂಚನ್ನು ಸುಮ್ಮನೆ ಉಜ್ಜುತ್ತಿದ್ದವು.

"ಇಲ್ಲಪ್ಪಾ" ಎಂದಳು.

ಅದು ಸುಳ್ಳೆಂದು ಅಪ್ಪನಿಗೆ ಗೊತ್ತಾಯಿತು. ಗೊತ್ತಾಯಿತೆಂಬುದು ಮಿಡತೆಗೂ ತಿಳಿಯಿತು. ಅವಳು ಕಿಟಕಿಯ ಕಡೆಗೆ ಸರಿದು, ಅಪ್ಪ ಆರಾಮಾಗಿ ಕೂರಲು ಒಂದಿಷ್ಟು ಜಾಗ ಬಿಟ್ಟಳು.