ಮಾವಿನ ಮರದ ಬಾಯಾರಿದ ದೆವ್ವ

ಒಂದಾನೊಂದು ಕಾಲದಲ್ಲಿ ಒಂದು ಮಾವಿನ ಮರವಿತ್ತಂತೆ, ಅದರಲ್ಲಿ ಸದಾ ಬಾಯಾರಿದ ದೆವ್ವವೊಂದಿತ್ತಂತೆ. ಅಜ್ಜಿಯ ಈ ಕಥೆಯನ್ನು ಅವಳ ಮಡಿಲಲ್ಲಿ ಮಲಗಿ ಎಷ್ಟು ಸಲ ಕೇಳಿದ್ದೆನೋ. ಆ ದೆವ್ವ ನಮ್ಮ ಚಿಕ್ಕಮ್ಮನ ಹಿತ್ತಿಲಿಗೇ ಬಂದು ಕೂರುತ್ತದೆಂದು ಎಣಿಸಿರಲಿಲ್ಲ.

ಅಂದು ಬೆಳಿಗ್ಗೆ ಚಿಕ್ಕಮ್ಮ ನಬುಕೀರಾ ಹಿತ್ತಿಲಿನ ಮಾವಿನ ಮರದ ಕೆಳಗೆ ನಿಂತಿದ್ದಳು. ಕೊಂಬೆಗೆ ತೂಗುಹಾಕಿದ್ದ ಬಾಟಲಿಗಳಲ್ಲಿ ಒಂದು ಬರಿದಾಗಿತ್ತು.

ಹಣ್ಣು ಕೆಡಿಸುವ ನೊಣಗಳಿಗೆಂದು ಅವಳೇ ಮಾಡಿದ ಬೋನುಗಳು ಅವು. ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು, ಒಳಗೆ ಬಾಳೆಹಣ್ಣಿನ ಹೆಂಡ ಸುರಿದಿದ್ದಳು. ವಾಸನೆಗೆ ಒಳಹೊಕ್ಕ ನೊಣ ಮುಳುಗಿ ಸಾಯಬೇಕು. ಆದರೆ ಕೆಲವು ದಿನಗಳಿಂದ ಬೆಳಗಾದರೆ ಹೆಂಡವೇ ಮಾಯ! ನಬುಕೀರಾ ಹೆಂಡ ಕುಡಿಸಿ ದೆವ್ವ ಸಾಕುತ್ತಿದ್ದಾಳೆ ಎಂದು ಊರು ಗುಸುಗುಸು ಆಡತೊಡಗಿತ್ತು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಅವಳ ತೀರಿಕೊಂಡ ಗಂಡನ ಅಣ್ಣ ಸೆಕಿಟ್ಟೊ. ಹಿಂದೆ ಹೆಂಡ ಮಾಡುತ್ತಿದ್ದವನು. ಹೆಂಡಕ್ಕೆ ಬಾಳೆಹಣ್ಣು ತುಳಿಯುವ, ದೋಣಿಯಂಥ ಮರದ ತೊಟ್ಟಿಯನ್ನು ಚರ್ಚಿನೆದುರು ಒಡೆದು, ಇನ್ನು ತೊಟ್ಟೂ ಮುಟ್ಟೆನೆಂದು ಆಣೆ ಮಾಡಿದ್ದ.

ಕತ್ತಲಾಗುವುದರೊಳಗೆ ಮರದಿಂದ ದೆವ್ವ ಇಳಿಸಿಕೊಡುತ್ತೇನೆಂದು ಮಗಳಿಗೆ ಮಾತು ಕೊಟ್ಟು ಅಜ್ಜಿ ನನ್ನೊಡನೆ ಬಂದಿದ್ದಳು.

"ಅಮ್ಮಾ, ನಿನ್ನೆ ಸಂಜೆ ಭಯಕ್ಕೆ ಎಲ್ಲ ಬಾಟಲೀಗೂ ಹುಳದ ವಿಷ ಬೆರೆಸಿಬಿಟ್ಟೆ," ಎಂದಳು ಚಿಕ್ಕಮ್ಮ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ದೆವ್ವಕ್ಕೆ ತಾನೇ ಅಂತ—"

"ದೆವ್ವ ಅಲ್ದೇ ಇದ್ರೆ?"

ಚಿಕ್ಕಮ್ಮ ಬಾಯಿಗೆ ಕೈ ಒತ್ತಿಕೊಂಡಳು. ಎಲ್ಲೋ ಒಂದು ಹೊಟ್ಟೆಯಲ್ಲಿ ಅವಳ ವಿಷ ಇಳಿಯುತ್ತಿತ್ತು. ಯಾರ ಹೊಟ್ಟೆ?

ಅಜ್ಜಿ ಬಗ್ಗಿ, ಬೇರಿನ ಬಳಿ ಬಿದ್ದಿದ್ದ ಹುಲ್ಲಿನ ಉಂಡೆಯೊಂದನ್ನು ಎತ್ತಿಕೊಂಡಳು. ಹಕ್ಕಿಗೂಡು ಉದುರಿದೆ ಎಂದುಕೊಂಡು ನಾನು ಅದನ್ನು ದಾಟಿ ಬಂದಿದ್ದೆ.

ಅವಳು ನೇರ ನಡೆದದ್ದು ಹೆಂಡ ಮಾಡಿ ಮಾರುವ ಲುಕ್ವಾಗೊನ ಗುಡಿಸಲಿಗೆ. ಅವನು ಆರಾಮಾಗಿ ಸೋರೆಬುರುಡೆ ತೊಳೆಯುತ್ತಿದ್ದ.

"ನಸುಕಿನಲ್ಲಿ ನನ್ನ ಮಗಳ ಹಿತ್ತಿಲಿಗೆ ಹೋಗಿದ್ಯೇನೋ?"

"ನೊಣದ ಎಂಜಲು ಕುಡಿಯೋಕಾ? ನನ್ನ ಮನೇಲೇ ಕೊಡ ತುಂಬಿದೆಯಲ್ಲಮ್ಮಾ," ಎಂದು ನಕ್ಕ.

ಅಜ್ಜಿ ಹುಲ್ಲಿನುಂಡೆ ತೋರಿಸಿ, ಬಾಟಲಿಯಲ್ಲಿ ವಿಷವಿತ್ತೆಂದಳು. ಅವನ ನಗು ನಿಂತಿತು. ಕೂಡಲೇ ಮೋಟಾರ್‌ಬೈಕ್ ಹೊರಗೆ ತಳ್ಳಿದ.

ಸೆಕಿಟ್ಟೊನ ಬಾಗಿಲು ಒಳಗಿನಿಂದ ಮುಚ್ಚಿತ್ತು. ಭಾವನೊಡನೆ ಮಾತಾಡುವಾಗ ನಮ್ಮ ಹೆಂಗಸರು ಮಾಡುವಂತೆ ಚಿಕ್ಕಮ್ಮ ಮಣ್ಣಿನಲ್ಲಿ ಮಂಡಿಯೂರಿ ಬಾಗಿಲು ತಟ್ಟಿದಳು.

"ಮೈ ಸರಿಯಿಲ್ಲ. ಆಮೇಲೆ ಬನ್ನಿ," ಎಂಬ ಕ್ಷೀಣ ದನಿ.

"ಬಾಯಲ್ಲಿ ಜೊಲ್ಲು ಸುರೀತಿದ್ಯಾ? ಕಣ್ಣು ಮಂಜಾಗಿದ್ಯಾ?" ಎಂದಳು ಅಜ್ಜಿ.

ಅಜ್ಜಿ ಬಾಗಿಲ ಸಂದಿಗೆ ಬಾಯಿ ತಂದಳು.

"ನೀನು ಕುಡಿದದ್ರಲ್ಲಿ ವಿಷ ಇತ್ತಪ್ಪಾ. ಚರ್ಚಿನೋರಿಗೆ ಏನು ಹೇಳ್ಬೇಕೋ ಬದುಕಿದ್ರೆ ಯೋಚಿಸುವೆಯಂತೆ. ಅಗುಳಿ ತೆಗಿ."

ಒಳಗೆ ಏನೋ ಉರುಳಿತು. ಆಮೇಲೆ, ಬಹಳ ಹೊತ್ತಿನ ಮೇಲೆ, ಅಗುಳಿ ಸರಿಯಿತು.

ಸಂಜೆ ಲುಕ್ವಾಗೊ ಆಸ್ಪತ್ರೆಯಿಂದ ಮರಳಿ, ಸೆಕಿಟ್ಟೊ ಬದುಕುಳಿದನೆಂದು ಹೇಳಿದ. ಆಗಷ್ಟೇ ಚಿಕ್ಕಮ್ಮ ಅತ್ತಳು. ಕುಡಿದವನು ಸೆಕಿಟ್ಟೊನೇ ಎಂದು ಹೇಗೆ ಗೊತ್ತಾಯಿತೆಂದು ನಾನು ಅಜ್ಜಿಯನ್ನು ಕೇಳಿದೆ.

ಅಜ್ಜಿ ಉಂಡೆಯನ್ನು ನನ್ನ ಅಂಗೈ ಮೇಲೆ ಬಿಡಿಸಿದಳು. ಮಡಚಿದ ಹುಲ್ಲಿನ ನಡುವೆ ಸತ್ತ ನೊಣಗಳು.

"ದೆವ್ವಕ್ಕೆ ಜರಡಿ ಯಾಕೆ ಬೇಕು? ಬರೀ ಕುಡುಕ ಆಗಿದ್ರೆ ನೊಣಾನ ಬೆರಳಲ್ಲಿ ತೆಗೆದು ಬಿಸಾಡ್ತಿದ್ದ. ಹೀಗೆ ಹುಲ್ಲು ಮಡಚಿ ಸೋಸೋನು ಹೆಂಡ ಮಾಡೋನೇ. ಈ ಊರಲ್ಲಿ ಅಂಥೋರು ಇಬ್ರೇ. ಒಬ್ಬನ ಮನೇಲಿ ಕೊಡ ತುಂಬಿದೆ. ಇನ್ನೊಬ್ಬ, ಪಾಪ, ಊರೆದುರು ಆಣೆ ಮಾಡಿ ಬಾಯಿ ಹೊಲಿದುಕೊಂಡವನು. ನೊಣ ಸೋಸಿದ, ವಿಷ ಸೋಸೋಕಾಗುತ್ತಾ?"

ಹೊತ್ತು ಬಾಳೆತೋಟದ ಹಿಂದೆ ಇಳಿಯುತ್ತಿತ್ತು. ಅಜ್ಜಿ ಬಾಟಲಿಗಳನ್ನು ಒಂದೊಂದಾಗಿ ಬಿಚ್ಚಿ, ಆಳವಾದ ಗುಂಡಿಯಲ್ಲಿ ಹೂತು, ಮಣ್ಣು ಮೆಟ್ಟಿದಳು.

"ದೆವ್ವ ಇಳೀತು," ಎಂದಳು ಮಗಳಿಗೆ.