ಅಮೃತ ಕಲಿತ ಮೊದಲ ಮಾತು

ಮೊದಲ ದಿನವೇ ಮುರಳಿಮೋಹನ್‌ಗೆ ಬೈದುಬಿಟ್ಟೆ. ನನ್ನ ಬಾಯಿಯೇ ಹಾಗೆ.

ನಾನು ತನುಜ, ಚಿಂತಾಮಣಿಯಲ್ಲಿ ಪುಟ್ಟ ಮಕ್ಕಳಿಗೆ ಮಾತು ಕಲಿಸುವ ಥೆರಪಿಸ್ಟ್. ಅವರು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುವವರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವರು ಮತ್ತು ಮೂರು ತುಂಬುತ್ತಿದ್ದ ಮಗಳು ಅಮೃತ. ಮಗು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ನಮ್ಮನೇಲಿ ತೆಲುಗು, ಅಕ್ಕಪಕ್ಕದೋರು ಕನ್ನಡ. ಎರಡೂ ಕೇಳಿ ಮಗೂಗೆ ಗಲಿಬಿಲಿ ಆಗಿದೆ ಅಂದ್ರು ಊರೋರು. ಅದಕ್ಕೇ ಮನೇಲಿ ಮಾತೇ ಕಮ್ಮಿ ಮಾಡ್ಬಿಟ್ಟೆ."

"ಎರಡು ಭಾಷೆಯಿಂದ ಯಾವ ಮಗೂಗೂ ಏನೂ ಆಗಲ್ಲ ಕಣ್ರೀ. ಇವಳಿಗೆ ಕಿವಿ ಸರಿಯಾಗಿ ಕೇಳ್ತಿಲ್ಲ. ಮೊದ್ಲೇ ಟೆಸ್ಟ್ ಮಾಡಿಸ್ಬಾರ್ದಿತ್ತಾ?"

ಅವರು ತಲೆ ತಗ್ಗಿಸಿ, ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಕೂತರು. ಬೆರಳುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆಯಿತ್ತು. ನನಗೆ ನನ್ನ ಮೇಲೇ ಕೋಪ ಬಂತು.

ಅಮೃತಳ ಎರಡೂ ಕಿವಿಗೆ ಮಿಷನ್ ಹಾಕಿಸಿದ ಮೇಲೆ ಅವರಿಗೆ ಹೇಳಿದೆ. "ಇನ್ನು ನೀವು ಸುಮ್ನಿರೋ ಹಾಗಿಲ್ಲ. ತೆಲುಗೋ ಕನ್ನಡಾನೋ, ಹುಳಕ್ಕೆ ಸೊಪ್ಪು ಹಾಕುವಾಗ, ಅನ್ನ ಬಸಿಯುವಾಗ, ಮನಸ್ಸಿಗೆ ಬಂದಿದ್ದೆಲ್ಲಾ ಜೋರಾಗಿ ಹೇಳ್ತಾ ಇರಿ. ಹೆಚ್ಚು ಕೇಳಿದ್ದನ್ನೇ ಮಗು ಕಲಿಯೋದು."

"ಮನಸ್ಸಿಗೆ ಬಂದಿದ್ದೆಲ್ಲಾನಾ?" ಎಂದವರು ನನ್ನನ್ನು ನೋಡಿ, ಥಟ್ಟನೆ ಕಿಟಕಿಯತ್ತ ತಿರುಗಿದರು.

"ಎಲ್ಲಾ."

ಪ್ರತಿ ಬುಧವಾರ ಮಗಳನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದರು. "ಚೂಡಮ್ಮಾ, ಮೇಡಂ" ಎಂದು ತೆಲುಗಿನಲ್ಲಿ ಮಗಳಿಗೆ ನನ್ನನ್ನು ತೋರಿಸುತ್ತಿದ್ದರು. ನಾನೋ, ಮಂಗಳವಾರವೇ ಸೀರೆ ಆರಿಸಿಡುತ್ತಿದ್ದೆ. ನಾಚಿಕೆಗೇಡು.

ಮಿಕ್ಕ ದಿನ ಊರ ಮಕ್ಕಳಿಗೆಲ್ಲ ಮಾತು ಕಲಿಸಿ ರೂಮಿಗೆ ಹೋದರೆ, ನನ್ನೊಂದಿಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. "ಈಗ ಹಾಲು ಕಾಯಿಸ್ತೀನಿ" ಎಂದು ಪಾತ್ರೆಗೆ ಹೇಳುತ್ತಿದ್ದೆ. ಒಬ್ಬಳೇ ಕುಡಿಯುವಾಗ ಅಳು ಬರುತ್ತಿತ್ತು.

"ಈ ವಾರ ಏನೇನು ಮಾತಾಡಿದ್ರಪ್ಪ?" ಎಂದು ರೇಗಿಸಿದರೆ ಅವರ ಮುಖ ಕೆಂಪಾಗುತ್ತಿತ್ತು. "ಸೊಪ್ಪು, ಹುಳ, ಅನ್ನ..." ಎಂದು ನಿಲ್ಲಿಸಿಬಿಡುತ್ತಿದ್ದರು.

ಮಳೆಗಾಲ ಕಳೆಯಿತು. ಅಮೃತ ಸದ್ದಿಗೆ ತಿರುಗುತ್ತಿದ್ದಳು, ಮಾತು ಮಾತ್ರ ಬಂದಿರಲಿಲ್ಲ. ನನಗೆ ಒಳಗೊಳಗೇ ಭಯವಾಗುತ್ತಿತ್ತು.

ಒಂದು ಬುಧವಾರ ನಾನು ಕ್ಲಿನಿಕ್ಕಿಗೆ ತಡವಾಗಿ ಹೋದೆ. ಅಮೃತ ಬಾಗಿಲಿಗೆ ಬೆನ್ನು ಮಾಡಿ ಅಪ್ಪನ ಪಕ್ಕ ಆಡುತ್ತಿದ್ದಳು. ನನ್ನ ಚಪ್ಪಲಿ ಸದ್ದಿಗೆ ತಿರುಗಿ, "ತನು" ಎಂದಳು.

ನನ್ನ ಕಣ್ಣು ತುಂಬಿತು. ಆಮೇಲೆ ಹೊಳೆಯಿತು, ಇಲ್ಲಿ ಎಲ್ಲರಿಗೂ ನಾನು ಬರೀ ಮೇಡಂ. ಅವಳ ಮುಂದೆ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ.

"ಇದನ್ನ ಯಾರು ಹೇಳಿಕೊಟ್ಟಿದ್ದು?"

"ಯಾರೂ ಹೇಳಿಕೊಟ್ಟಿಲ್ಲ." ಮುರಳಿಮೋಹನ್ ಈ ಸಲ ಕಿಟಕಿಯತ್ತ ತಿರುಗಲಿಲ್ಲ. "ಮನಸ್ಸಿಗೆ ಬಂದಿದ್ದೆಲ್ಲಾ ಜೋರಾಗಿ ಹೇಳಿ ಅಂದಿದ್ರಿ. ಹೇಳ್ತಿದ್ದೆ."

ನಾನು ಮಗುವಿನ ಮುಂದೆ ಕೂತೆ. ಅವಳಿಗೆ ಹೇಳುವಂತೆ, ಅವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

"ಭಾನುವಾರ ತನು ನಿಮ್ಮನೆಗೆ ಬರ್ತಾಳೆ ಕಣಮ್ಮ."