ನೆಲಸಂಪಿಗೆಗೆ ಹಾಕಿದ ನೀರು

ಹಲಸಿನ ಮರದ ಕೆಳಗೆ ಕಾಲಿಟ್ಟೆ ನೋಡಿ, ಮೀನಖಂಡದವರೆಗೂ ಕೆಸರಲ್ಲಿ ಇಳಿದೋಯ್ತು.

ಜನವರಿ ತಿಂಗಳು. ಜಡಿಗೇನಹಳ್ಳಿಯಲ್ಲಿ ಒಂದು ಹನಿ ಮಳೆಯಿಲ್ಲ. ನಮ್ಮ ತೋಪಿನ ನೆರಳಲ್ಲಿ ಒಣ ತರಗೆಲೆ ಇರಬೇಕಾದ ಜಾಗ ನಾಟಿಗೆ ಹದ ಮಾಡಿದ ಗದ್ದೆ ಥರ ಆಗಿದೆ. ಮಧ್ಯದಲ್ಲಿ ಚಲಪತಿ, ಪ್ಯಾಂಟು ಮಡಚಿಕೊಂಡು, ಪೈಪು ಹಿಡಿದು ನಿಂತಿದ್ದಾನೆ. ನನ್ನ ನೋಡಿದ್ದೇ ಮುಖ ಅರಳಿತು.

"ಮಿತ್ರಾ! ನಾಳೆ ಬರ್ತೀನಿ ಅಂದಿದ್ದೆ?"

"ಏನೋ ಇದು?"

"ನೀರು."

"ನೀರು ಅಂತ ನಂಗೂ ಗೊತ್ತು ಕಣೋ! ನಿಲ್ಸು ಮೊದ್ಲು!"

ಬೆಚ್ಚಿಬಿದ್ದು ಓಡೋಗಿ ವಾಲ್ವ್ ತಿರುಗಿಸಿದ.

ಚಲಪತಿ ಪಕ್ಕದ ಜಮೀನಲ್ಲಿ ಪಾಲಿಹೌಸ್ ಹಾಕಿ ಗುಲಾಬಿ ಬೆಳೀತಾನೆ. ಹೋದ ಸೆಪ್ಟೆಂಬರಲ್ಲಿ ಇದೇ ಜಾಗದಲ್ಲಿ, ನಾನು ನೆಟ್ಟಿದ್ದ ನೆಲಸಂಪಿಗೆಯ ಹಸಿರೆಲೆಗಳ ಮುಂದೆ ನಿಂತು, "ನನ್ನ ಮದ್ವೆ ಆಗ್ತೀಯಾ?" ಅಂತ ಕೇಳಿದ್ದ. ಕಣ್ಣು ನೋಡೋ ಧೈರ್ಯ ಸಾಲದೆ ನನ್ನ ಕಿವಿಯ ಓಲೆಯನ್ನೇ ನೋಡ್ತಿದ್ದ. ಎಷ್ಟು ಮುದ್ದಾಗಿ ಕಂಡಿದ್ದ ಅಂದ್ರೆ ಆಗಲೇ ಹೂಂ ಅಂದ್ಬಿಡ್ತಿದ್ದೆ. ನಾಲಿಗೆ ತುದಿಗೆ ಬಂದಿದ್ದನ್ನ ನುಂಗಿಕೊಂಡೆ.

"ಇದು ಹೂ ಬಿಡ್ಲಿ, ಅವತ್ತು ಹೇಳ್ತೀನಿ" ಅಂದೆ.

ನೆಲಸಂಪಿಗೆ ಹೂ ಬಿಡೋದು ಯುಗಾದಿ ಹೊತ್ತಿಗೆ. ಅಷ್ಟು ದಿನ ಸಿಗುತ್ತಲ್ಲ ಅಂತಲೇ ಅಂದಿದ್ದು. ನಾಲ್ಕು ವರ್ಷದ ಹಿಂದೆ ನೆಲಮಂಗಲದ ಗಂಡೊಬ್ಬ, ಲಗ್ನಪತ್ರಿಕೆ ಹಂಚಿ ಆದ್ಮೇಲೆ, ಬೇಡ ಅಂತ ಒಂದು ವಾಟ್ಸಾಪ್ ಮೆಸೇಜ್ ಹಾಕಿ ಕೈ ತೊಳ್ಕೊಂಡಿದ್ದ. ಅವತ್ತಿಂದ ಯಾರ ಮಾತಿಗೂ ತಲೆ ಆಡಿಸೋಕೆ ನನಗೆ ಭಯ.

ಆಮೇಲೆ ಅಕ್ಕ ರಂಜಿತಳ ಬಾಣಂತನಕ್ಕೆ ಮೂರು ತಿಂಗಳು ಕೋಲಾರಕ್ಕೆ ಹೋದೆ. ಗೇಟಿನ ಕೀ ಇವನ ಕೈಗಿಟ್ಟು "ಗಿಡ ನೋಡ್ಕೋ" ಅಂದೆ. ಅಷ್ಟೇ ಅಂದಿದ್ದು.

"ಎಲೆ ಎಲ್ಲಾ ಹಳದಿ ಆಗೋಕೆ ಶುರುವಾಯ್ತು ಮಿತ್ರಾ" ಅಂದ ಮೆಲ್ಲಗೆ. "ನೀರು ಸಾಲ್ತಿಲ್ಲ ಅಂದ್ಕೊಂಡೆ. ಜಾಸ್ತಿ ಬಿಟ್ಟೆ. ಒಂದೊಂದೇ ಉದುರೋಯ್ತು. ನಂಗೆ ಕೈಕಾಲೇ ಆಡ್ಲಿಲ್ಲ. ಪಾಲಿಹೌಸಿಂದ ಪೈಪು ಎಳೆದು ದಿನಾ ಎರಡು ಹೊತ್ತು ಬಿಟ್ಟೆ."

"ಅದು ಸತ್ತಿರಲಿಲ್ಲ ಕಣೋ! ಚಳಿಗಾಲಕ್ಕೆ ಎಲೆ ಉದುರಿಸಿ ಮಣ್ಣೊಳಗೆ ಮಲಗುತ್ತೆ. ಮಲಗಿರೋವಾಗ ಗೆಡ್ಡೆ ಒಣಗಿರಬೇಕು. ಬೇಸಿಗೇಲಿ ಬರೀ ನೆಲದಿಂದ ಹೂ ಏಳುತ್ತೆ, ಎಲೆ ಆಮೇಲೆ!"

ಅವನ ಬಾಯಿ ತೆರೆದಿದ್ದು ಹಾಗೇ ಇತ್ತು. "ಮಲಗಿತ್ತಾ?"

ನಾನು ಕುಕ್ಕರುಗಾಲಲ್ಲಿ ಕೂತು ಕೈ ಹಾಕಿ ತೋಡಿದೆ. ಅಜ್ಜಿ ದ್ಯಾವಮ್ಮನ ಹಿತ್ತಲಿಂದ ತಂದಿದ್ದ ಗೆಡ್ಡೆ ಬೆರಳ ಸಂದೀಲಿ ಪಿಚ್ ಅಂತ ಕರಗೋಯ್ತು. ಕೊಳೆತ ವಾಸನೆ. ಪಕ್ಕದ್ದೂ ಅಷ್ಟೇ. ಅದರ ಪಕ್ಕದ್ದೂ. ಅವನೂ ಎದುರಿಗೆ ಕೂತು ಹುಚ್ಚು ಹಿಡಿದೋನ ಥರ ತೋಡಿದ. ಒಂದೂ ಉಳಿದಿರಲಿಲ್ಲ.

"ಫೋನ್ ಮಾಡಿದಾಗ ಯಾಕೋ ಬೊಗಳ್ಲಿಲ್ಲ?"

"ಹೆಂಗೆ ಹೇಳ್ಲಿ? ಗಿಡ ಹೋಯ್ತು ಅಂದ್ರೆ ನಿನ್ನ ಉತ್ತರಾನೂ ಹೋಯ್ತು ಅಂತ ತಾನೆ?" ಅಂದ. ಮುಖವೆಲ್ಲ ಕೆಸರು, ಅದರ ಮೇಲೆ ಕಣ್ಣೀರು ಇಳೀತಿತ್ತು. "ಉಳಿಸ್ಕೊಳ್ಳೋಣ ಅಂತ ಮಾಡಿದೆ ಕಣೇ. ನಾನೇ ಕೊಂದ್ಬಿಟ್ಟೆ."

ಬೈಯೋಕೆ ಬಾಯಿ ತೆಗೆದೆ. ಕೆಸರಲ್ಲಿ ಬಿದ್ದಿದ್ದ ಪೈಪು ಕಣ್ಣಿಗೆ ಬಿತ್ತು. ಬೋಳು ನೆಲಕ್ಕೆ ಇಷ್ಟು ದಿನ, ಎರಡು ಹೊತ್ತು, ನೀರು ಹಾಕಿದಾನಲ್ಲ ಈ ಪುಣ್ಯಾತ್ಮ!

ಅವನು ಅಂಗಿ ತೋಳಲ್ಲಿ ಮುಖ ಒರೆಸಿಕೊಂಡ. "ಅಜ್ಜಿ ಹಿತ್ತಲಲ್ಲಿ ಇನ್ನೂ ಗೆಡ್ಡೆ ಇರುತ್ತಲ್ವಾ? ಮಳೆಗಾಲಕ್ಕೆ ತಂದು ನೆಡೋಣ. ಮುಂದಿನ ವರ್ಷ ಯುಗಾದಿಗೆ ಹೂ ಬರುತ್ತೆ. ನಾನು ಕಾಯ್ತೀನಿ."

ನನಗೆ ನಿಜವಾಗ್ಲೂ ಶಾಕ್ ಹೊಡೆದಿದ್ದು ಆವಾಗ. ಸಿಟ್ಟಿಲ್ಲ, ಸೆಡವಿಲ್ಲ, ಇನ್ನೊಂದು ವರ್ಷವಂತೆ! ನಾನು ಕೇಳಿದ್ರೆ ಅದರ ಆಚೆ ವರ್ಷಾನೂ ಕಾಯ್ತಾನೆ ಇವನು. ಇಷ್ಟು ದಿನ ನಾನು ಹೆದರಿದ್ದು ಯಾರಿಗೆ?

"ಏನೂ ನೆಡೋದು ಬೇಡ!" ಕಿರುಚಿದೆ.

ಅವನ ಮುಖ ಬಿಳಿಚಿಕೊಂಡಿತು. ಏಳೋಕೆ ಹೋದ. ಕೆಸರು ಕೈಯಲ್ಲೇ ಅವನ ಕಾಲರ್ ಹಿಡಿದು ಕೂರಿಸಿದೆ.

"ಎಲ್ಲಿಗೋ ಹೋಗ್ತೀಯಾ? ಹೂಂ ಕಣೋ! ಆಗ್ತೀನಿ! ನಿನ್ನನ್ನೇ ಮದ್ವೆ ಆಗ್ತೀನಿ!"

ಮರದ ಮೇಲಿದ್ದ ಮೈನಾಗಳೆಲ್ಲ ಬುರ್ರಂತ ಹಾರಿದವು. ನನ್ನ ಮಾತಿಗೆ ನಾನೇ ಗಾಬರಿಯಾದೆ. ಆದ್ರೂ ಕಾಲರ್ ಬಿಡಲಿಲ್ಲ. ಚಲಪತಿ ಮೊದಲ ಸಲ ನನ್ನ ಓಲೆ ಬಿಟ್ಟು ಕಣ್ಣನ್ನೇ ನೋಡಿದ. ರೆಪ್ಪೆ ಮೇಲೂ ಕೆಸರಿತ್ತು.

"ಇನ್ನೊಂದ್ಸಲ ಹೇಳು" ಅಂದ.

ಹೇಳಿದೆ. ಈ ಸಲ ಕಿರುಚಲಿಲ್ಲ.